ಮೊದಲ ಸಲ ಬೆಂಗಳೂರು ಏರ್‌ಪೋರ್ಟಿಗೆ ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ತಿಪಟೂರಿನ ಹತ್ತಿರ. ನೆಂಟರಲ್ಲಿ ಯಾರಾದರೂ ಮೊದಲ ಸಲ ವಿಮಾನ ಹತ್ತುವುದಾದರೆ ಹಿಂದಿನ ವಾರ ನನಗೆ ಫೋನ್ ಬಂದೇ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ವಿಮಾನದ ಬಗ್ಗೆ ಯಾರಿಗೂ ಅಷ್ಟು ಚಿಂತೆ ಇಲ್ಲ. ದೇವನಹಳ್ಳಿಯ ಆ ದೊಡ್ಡ ಕಟ್ಟಡದ ಬಾಗಿಲಿನಿಂದ ಸೀಟಿನವರೆಗೆ ಹೇಗೆ ತಲುಪುವುದು ಅನ್ನುವುದೇ ಎಲ್ಲರ ಭಯ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಲೆಕ್ಕವನ್ನು ಹಿಂದಿನಿಂದ ಹಾಕಿ. ದೇಶದೊಳಗಿನ ವಿಮಾನವಾದರೆ ಹೊರಡುವ ಸಮಯಕ್ಕೆ 2 ಗಂಟೆ ಮೊದಲು ನೀವು ಟರ್ಮಿನಲ್ ಬಾಗಿಲಲ್ಲಿರಬೇಕು. ವಿದೇಶಕ್ಕಾದರೆ 3 ಗಂಟೆ. ಇದು ಗೊತ್ತಿದ್ದವರ ಲೆಕ್ಕ. ಮೊದಲ ಸಲ ಹೋಗುವವರು ಇದಕ್ಕೆ ಇನ್ನೂ ಮುಕ್ಕಾಲು ಗಂಟೆ ಸೇರಿಸಿಕೊಳ್ಳಿ. ಬೇಗ ಹೋಗಿ ಸುಮ್ನೆ ಕೂತರೆ ನಷ್ಟವೇನಿಲ್ಲ.

ಲೆಕ್ಕ ತಪ್ಪುವುದು ರಸ್ತೆಯಲ್ಲಿ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ಸುಮಾರು 35 ಕಿಲೋಮೀಟರ್. ಬೆಳಗಿನ ಜಾವ 4 ಗಂಟೆಗೆ ಹೊರಟರೆ ಮುಕ್ಕಾಲು ಗಂಟೆ ಸಾಕು. ಸಂಜೆ 6ಕ್ಕೆ ಹೊರಟರೆ ಅದೇ ದೂರಕ್ಕೆ ಎರಡು ಗಂಟೆಯೂ ಹಿಡಿಯಬಹುದು. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ 50 ಕಿಲೋಮೀಟರಿಗೂ ಜಾಸ್ತಿ, ಊರನ್ನು ಅಡ್ಡಡ್ಡ ಸೀಳಿಕೊಂಡು ಬರಬೇಕು. ಹೆಬ್ಬಾಳದ ಫ್ಲೈಓವರ್ ದಾಟುವವರೆಗೆ ಯಾವ ಮ್ಯಾಪನ್ನೂ ನಂಬಬೇಡಿ. ಪೂರ್ವದ ಕಡೆ ಇರುವವರಿಗೆ ಹೆಣ್ಣೂರು, ಬಾಗಲೂರು ಮೇಲಿನ ರಸ್ತೆ ಇದೆ. ಹೆಬ್ಬಾಳವೂ ತಪ್ಪುತ್ತದೆ, ಸಾದಹಳ್ಳಿ ಟೋಲೂ ತಪ್ಪುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ತುಮಕೂರು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಬರುವವರು ಬೆಂಗಳೂರಿನೊಳಗೆ ಹೋಗಲೇಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬನ್ನಿ. ಕೋಲಾರದವರು ಹೊಸಕೋಟೆಯಲ್ಲೇ ತಿರುಗಿಕೊಳ್ಳಬಹುದು. ಚಿಕ್ಕಬಳ್ಳಾಪುರದವರು ಪುಣ್ಯವಂತರು, ಅವರಿಗೆ ಬೆಂಗಳೂರಿಗಿಂತ ಮೊದಲು ಏರ್‌ಪೋರ್ಟೇ ಸಿಗುತ್ತದೆ.

ಟಿಕೆಟ್‌ನಲ್ಲಿ 15ನೇ ತಾರೀಕು 00:40 ಎಂದಿದೆ. ಯಾವ ದಿನ ಹೋಗಬೇಕು?

14ನೇ ತಾರೀಕು ಸಂಜೆಯೇ ಹೊರಡಬೇಕು. ಟಿಕೆಟ್‌ನಲ್ಲಿ 24 ಗಂಟೆಯ ಲೆಕ್ಕ, ತಾರೀಕು ನಡುರಾತ್ರಿಗೇ ಬದಲಾಗುತ್ತದೆ. ನಮಗೆ ದಿನ ಬದಲಾಗುವುದು ಬೆಳಗಾದಾಗ. ಈ ಎರಡರ ನಡುವೆ ಸಿಕ್ಕಿ ಒಂದು ದಿನ ತಡವಾಗಿ ಬ್ಯಾಗು ಹೊತ್ತು ಬಂದವರು ಇದ್ದಾರೆ. ವಿದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ಹೊರಡುವುದು ಈ ಹೊತ್ತಿನಲ್ಲೇ. ಟಿಕೆಟ್ ಕೈಗೆ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ 14ರ ಚೌಕಕ್ಕೆ ‘ರಾತ್ರಿ ವಿಮಾನ’ ಎಂದು ಬರೆದುಬಿಡಿ.

ಟರ್ಮಿನಲ್ 1, ಟರ್ಮಿನಲ್ 2 ಅಂದರೇನು? ನನ್ನದು ಯಾವುದು?

ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಸ್ಟ್ಯಾಂಡು ಬೇರೆ, ಕೆಎಸ್‌ಆರ್‌ಟಿಸಿ ಸ್ಟ್ಯಾಂಡು ಬೇರೆ ಅಲ್ವಾ? ಹಾಗೆಯೇ. ಒಂದೇ ಏರ್‌ಪೋರ್ಟು, ಎರಡು ಕಟ್ಟಡ. ಟರ್ಮಿನಲ್ 1 ಹಳೆಯದು, 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದಾಗಿನದು. ಟರ್ಮಿನಲ್ 2 ಉದ್ಘಾಟನೆ ಆಗಿದ್ದು 2022ರ ನವೆಂಬರ್‌ನಲ್ಲಿ, 108 ಅಡಿಯ ಕೆಂಪೇಗೌಡರ ಪ್ರತಿಮೆ ಉದ್ಘಾಟನೆಯಾದ ದಿನವೇ. ಅಲ್ಲಿಂದ ವಿಮಾನ ಹಾರಲು ಶುರುವಾಗಿದ್ದು 2023ರ ಜನವರಿಯಲ್ಲಿ. ಮೊದಲು ಹಾರಿದ್ದು ನಮ್ಮ ಕಲಬುರಗಿಗೆ.

2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದಲೇ. ದೇಶದೊಳಗಿನವು ಎರಡರಲ್ಲೂ ಹಂಚಿಹೋಗಿವೆ. ಇಂಡಿಗೋದ ದೇಶದೊಳಗಿನ ವಿಮಾನಗಳು 1ರಿಂದ, ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ 2ರಿಂದ. ಆದರೆ ಈ ಹಂಚಿಕೆ ಬದಲಾಗುತ್ತಿರುತ್ತದೆ. ಪಕ್ಕದ ಮನೆಯವರು ಹೋದ ತಿಂಗಳು ಎಲ್ಲಿಂದ ಹೋದರು ಎಂದು ಕೇಳಬೇಡಿ. ನಿಮ್ಮ ಟಿಕೆಟ್‌ನಲ್ಲಿ ‘ಟಿ1’ ಅಥವಾ ‘ಟಿ2’ ಎಂದು ಬರೆದಿರುತ್ತದೆ. ಅದನ್ನೇ ನಂಬಿ, ಟ್ಯಾಕ್ಸಿಯವರಿಗೆ ಹತ್ತುವಾಗಲೇ ಹೇಳಿ.

ತಪ್ಪಿ ಇನ್ನೊಂದು ಟರ್ಮಿನಲ್‌ಗೆ ಬಂದರೆ ಗಾಬರಿ ಬೇಡ. ಎರಡರ ನಡುವೆ ಉಚಿತ ಬಸ್ ಓಡಾಡುತ್ತದೆ. ಬಸ್ಸು ಬರುವುದು, ಹತ್ತುವುದು, ಇಳಿದು ಬಾಗಿಲು ಹುಡುಕುವುದು ಎಲ್ಲ ಸೇರಿ ಅರ್ಧ ಗಂಟೆ ಹೋಯಿತು ಅಂದುಕೊಳ್ಳಿ. ನಾನು ಮೊದಲು ಹೇಳಿದ ಮುಕ್ಕಾಲು ಗಂಟೆ ಇಂಥದ್ದಕ್ಕೇ. ನನ್ನ ಚಿಕ್ಕಪ್ಪನ ಮಗ ಇದೇ ತಪ್ಪು ಮಾಡಿ, ಎರಡು ಬ್ಯಾಗು ಎಳೆದುಕೊಂಡು ಓಡಿ, ಬ್ಯಾಗು ಕೊಡುವ ಕೌಂಟರ್ ಮುಚ್ಚಲು ನಾಲ್ಕು ನಿಮಿಷ ಇರುವಾಗ ತಲುಪಿದ. ಅವನೀಗ ಎಲ್ಲಿಗೆ ಹೊರಟರೂ ಮೊದಲು ಕೇಳುವ ಪ್ರಶ್ನೆ ‘ಟಿ ಎಷ್ಟು?’

ಬಸ್ಸಾ, ಟ್ಯಾಕ್ಸಿಯಾ, ರೈಲಾ?

ಒಬ್ಬರೇ ಇದ್ದು ಲಗೇಜು ಕಡಿಮೆ ಇದ್ದರೆ ನನ್ನ ಓಟು ಬಿಎಂಟಿಸಿಯ ವಾಯುವಜ್ರಕ್ಕೆ. ಎಸಿ ಬಸ್ಸು, ಬ್ಯಾಗಿಡಲು ಜಾಗ ಇರುತ್ತದೆ. ನಂಬರುಗಳು ಕೆಐಎ ಎಂದು ಶುರುವಾಗುತ್ತವೆ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ನೇರ ಏರ್‌ಪೋರ್ಟಿಗೇ ಬಂದು ಬಿಡುತ್ತದೆ. ಬೆಂಗಳೂರಲ್ಲಿ ಇಳಿದು ಇನ್ನೊಂದು ಗಾಡಿ ಹುಡುಕುವ ತಾಪತ್ರಯವಿಲ್ಲ.

ಮೂರು ನಾಲ್ಕು ಜನ ಇದ್ದರೆ, ವಯಸ್ಸಾದವರಿದ್ದರೆ ಟ್ಯಾಕ್ಸಿಯೇ ವಾಸಿ. ಬೆಳಗಿನ ಜಾವದ ವಿಮಾನಕ್ಕೆ ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಆ್ಯಪ್‌ನಲ್ಲಿ ಬುಕ್ ಆದ ಗಾಡಿ ಕ್ಯಾನ್ಸಲ್ ಆಗುವುದು ಹೊಸದೇನಲ್ಲ.

ರೈಲಿದೆ. ಚಿಕ್ಕಬಳ್ಳಾಪುರದ ಲೈನಿನಲ್ಲಿ ಏರ್‌ಪೋರ್ಟ್ ಹಾಲ್ಟ್ ಎಂಬ ಪುಟ್ಟ ನಿಲ್ದಾಣ 2021ರ ಜನವರಿಯಲ್ಲಿ ಶುರುವಾಯಿತು. ಟಿಕೆಟ್ ತುಂಬಾ ಅಗ್ಗ. ಆದರೆ ದಿನಕ್ಕೆ ಕೆಲವೇ ರೈಲು, ಹಾಲ್ಟ್‌ನಿಂದ ಟರ್ಮಿನಲ್‌ಗೆ ಮತ್ತೆ ಬಸ್ಸು ಹತ್ತಬೇಕು. ನಿಮ್ಮ ಸಮಯಕ್ಕೆ ಹೊಂದಿದರೆ ಸರಿ, ಇಲ್ಲದಿದ್ದರೆ ಮೊದಲ ಪ್ರಯಾಣದಲ್ಲಿ ಈ ಪ್ರಯೋಗ ಬೇಡ.

ಬಾಗಿಲಲ್ಲಿ ನಿಂತಿರುವ ಪೊಲೀಸರು ಏನು ಕೇಳುತ್ತಾರೆ?

ಅವರು ಸಿಐಎಸ್‌ಎಫ್ ಎಂಬ ಕೇಂದ್ರದ ಭದ್ರತಾ ಪಡೆಯವರು. ಎರಡೇ ವಸ್ತು ಕೇಳುತ್ತಾರೆ: ಟಿಕೆಟ್ ಮತ್ತು ಗುರುತಿನ ಚೀಟಿ. ಟಿಕೆಟ್ ಫೋನಿನಲ್ಲಿದ್ದರೂ ನಡೆಯುತ್ತದೆ. ಆದರೆ ಬಾಗಿಲಿಗೆ ಬಂದಾಗಲೇ ನೆಟ್‌ವರ್ಕ್ ಕೈಕೊಡುವುದು, ಚಾರ್ಜ್ ಮುಗಿಯುವುದು. ಒಂದು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಗುರುತಿಗೆ ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್ ಇವುಗಳಲ್ಲಿ ಯಾವುದಾದರೂ ಒಂದು. ಆಧಾರ್‌ನ ಜೆರಾಕ್ಸ್ ತರಬೇಡಿ, ಮೂಲ ಕಾರ್ಡ್ ತನ್ನಿ. ವಿದೇಶಕ್ಕೆ ಪಾಸ್‌ಪೋರ್ಟೇ ಬೇಕು.

ನಮ್ಮವರಿಗೆ ತೊಂದರೆ ಕೊಡುವುದು ಹೆಸರು. ನಮ್ಮಲ್ಲಿ ಸರ್‌ನೇಮ್ ಇಟ್ಟುಕೊಳ್ಳುವ ರೂಢಿ ಎಲ್ಲ ಕಡೆ ಇಲ್ಲ. ಊರಿನ ಹೆಸರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಆಧಾರ್‌ನಲ್ಲಿ ಒಂದು ತರಹ, ಪಾಸ್‌ಪೋರ್ಟ್‌ನಲ್ಲಿ ಇನ್ಶಿಯಲ್ ಬಿಡಿಸಿ ಇನ್ನೊಂದು ತರಹ, ಮೊಮ್ಮಗ ಟಿಕೆಟ್ ಬುಕ್ ಮಾಡುವಾಗ ಮೂರನೇ ತರಹ. ಟಿಕೆಟ್‌ನಲ್ಲಿರುವ ಹೆಸರು ನೀವು ಒಯ್ಯುವ ಗುರುತಿನ ಚೀಟಿಯಲ್ಲಿದ್ದಂತೆಯೇ ಇರಲಿ. ಒಂದೆರಡು ಅಕ್ಷರದ ತಪ್ಪಿದ್ದರೆ ವಿಮಾನ ಕಂಪನಿಗೆ ಮೊದಲೇ ಫೋನ್ ಮಾಡಿ ಸರಿ ಮಾಡಿಸಿ. ಬಾಗಿಲಲ್ಲಿ ನಿಂತು ‘ಎಚ್ ಅಂದರೆ ಹೊನ್ನವಳ್ಳಿ ಸಾರ್’ ಎಂದು ವಿವರಿಸುವ ಪರಿಸ್ಥಿತಿ ಬೇಡ.

ಪಾಸ್‌ಪೋರ್ಟ್‌ನಲ್ಲಿ ಒಂದೇ ಒಂದು ಪದದ ಹೆಸರು ಇರುವವರು ಇನ್ನೂ ಹುಷಾರಾಗಿರಬೇಕು. ಅಂಥವರಿಗೆ ಟೂರಿಸ್ಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ದುಬೈಗೆ ಮಗಳ ಮನೆಗೆ ಹೊರಟ ಅಮ್ಮಂದಿರು ಟಿಕೆಟ್ ತೆಗೆಯುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಡಿಜಿಯಾತ್ರಾ ಬೇಕೇ ಬೇಕಾ?

ಬೇಡ. ಅದು ಮುಖ ನೋಡಿ ಒಳಗೆ ಬಿಡುವ ವ್ಯವಸ್ಥೆಯ ಆ್ಯಪ್. ಇದ್ದರೆ ಅನುಕೂಲ, ಅಷ್ಟೇ. 2022ರ ಡಿಸೆಂಬರ್‌ನಲ್ಲಿ ದೇಶದಲ್ಲಿ ಇದು ಮೊದಲು ಶುರುವಾದ ಮೂರು ಏರ್‌ಪೋರ್ಟ್‌ಗಳಲ್ಲಿ ಬೆಂಗಳೂರೂ ಒಂದು. ಫೋನಿನಲ್ಲಿ ಆಧಾರ್ ಜೋಡಿಸಿ, ನಿಮ್ಮದೊಂದು ಸೆಲ್ಫಿ ತೆಗೆದು, ಪ್ರತಿ ಪ್ರಯಾಣಕ್ಕೂ ಬೋರ್ಡಿಂಗ್ ಪಾಸ್ (ಸೀಟಿನ ನಂಬರಿರುವ, ವಿಮಾನ ಹತ್ತಲು ಬೇಕಾದ ಚೀಟಿ) ಸೇರಿಸಿದರೆ ಕ್ಯಾಮೆರಾ ಮುಖ ನೋಡಿ ಬಾಗಿಲು ತೆಗೆಯುತ್ತದೆ. ಆದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಮಾಡಿಕೊಳ್ಳಬೇಕು. ಸ್ಮಾರ್ಟ್‌ಫೋನ್ ಒಗ್ಗದ ಅಪ್ಪ ಅಮ್ಮನಿಗೆ ಹಿಂದಿನ ರಾತ್ರಿ ಕೂತು ಇದನ್ನು ಹೇಳಿಕೊಡಬೇಡಿ. ಮಾಮೂಲಿ ಕ್ಯೂನಲ್ಲಿ ಹೋದರೂ ಅದೇ ವಿಮಾನ.

ವೆಬ್ ಚೆಕ್-ಇನ್ ಆಗಿದೆ. ಆದರೂ ಕೌಂಟರಿಗೆ ಹೋಗಬೇಕಾ?

ವೆಬ್ ಚೆಕ್-ಇನ್ ಅಂದರೆ ಮನೆಯಲ್ಲೇ ಫೋನಿನಲ್ಲಿ ಸೀಟು ಗೊತ್ತುಮಾಡಿಕೊಂಡು ಬೋರ್ಡಿಂಗ್ ಪಾಸ್ ಪಡೆಯುವುದು. ದೊಡ್ಡ ಬ್ಯಾಗು ಕೊಡುವುದಿದ್ದರೆ ಹೋಗಬೇಕು. ಕೈಚೀಲ ಮಾತ್ರ ಇದ್ದರೆ ನೇರವಾಗಿ ಸೆಕ್ಯುರಿಟಿಗೆ ನಡೆಯಿರಿ. ಕೌಂಟರುಗಳು ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತವೆ. 59 ನಿಮಿಷ ಇದ್ದಾಗ ಬಂದವರನ್ನೂ ವಾಪಸ್ ಕಳಿಸುತ್ತಾರೆ. ಬೇಡಿಕೊಂಡರೂ ಪ್ರಯೋಜನವಿಲ್ಲ. ಅಲ್ಲಿ ಕೂತಿರುವ ಹುಡುಗಿಯ ಕೈಯಲ್ಲಿ ಏನೂ ಇರುವುದಿಲ್ಲ.

ವೆಬ್ ಚೆಕ್-ಇನ್‌ನಲ್ಲಿ ಸೀಟಿಗೆ ದುಡ್ಡು ಕೇಳುತ್ತದೆ. ಕಿಟಕಿಯೇ ಬೇಕು ಎಂದಿಲ್ಲದಿದ್ದರೆ ಕೊಡಬೇಕಾಗಿಲ್ಲ, ಯಾವುದೋ ಒಂದು ಸೀಟು ಸಿಕ್ಕೇ ಸಿಗುತ್ತದೆ. ಮೊದಲ ಸಲ ಹಾರುವವರಿಗಾದರೆ ಕಿಟಕಿಗೆ ದುಡ್ಡು ಕೊಡಿಸಿ. ನಂದಿ ಬೆಟ್ಟ ಮೇಲಿನಿಂದ ಕಂಡರೆ ಆ ದುಡ್ಡು ವಸೂಲು.

ಲಗೇಜು ಎಷ್ಟು ಒಯ್ಯಬಹುದು?

ದೇಶದೊಳಗೆ ಸಾಮಾನ್ಯವಾಗಿ ಕೌಂಟರಿನಲ್ಲಿ ಕೊಡುವ ಬ್ಯಾಗಿಗೆ 15 ಕೆಜಿ, ಕೈಯಲ್ಲಿ ಒಯ್ಯುವುದಕ್ಕೆ 7 ಕೆಜಿ. ಟಿಕೆಟ್‌ನಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ. ಮನೆಯಲ್ಲೇ ತೂಕ ಮಾಡಿ. ತಕ್ಕಡಿ ಇಲ್ಲದಿದ್ದರೆ ಬ್ಯಾಗು ಹಿಡಿದು ತೂಕದ ಮೆಷಿನ್ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಏರ್‌ಪೋರ್ಟಿನಲ್ಲಿ ಜಾಸ್ತಿಯಾದ ಪ್ರತಿ ಕಿಲೋಗೂ ಹಣ, ಅದೇನು ಕಡಿಮೆ ಅಲ್ಲ. ಟ್ರಾಲಿ ಮಾತ್ರ ಉಚಿತ.

ಕೊಬ್ಬರಿ, ಉಪ್ಪಿನಕಾಯಿ, ಖಾರದಪುಡಿ ಒಯ್ಯಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮಗ ಪುಣೆಯಲ್ಲೋ ದೆಹಲಿಯಲ್ಲೋ ಇದ್ದಾನೆ ಅಂದರೆ ಅಮ್ಮ ಬರಿಗೈಯಲ್ಲಿ ಹೊರಡುವುದುಂಟೇ?

ಮೊದಲು ಕೊಬ್ಬರಿ. ತಿಪಟೂರಿನವನಾಗಿ ಹೇಳಲು ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ: ಕೊಬ್ಬರಿ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆ ತುಂಬಿರುತ್ತದೆ. ರಾಶಿ ಬಿದ್ದಾಗ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಿದೆ. ದೊಡ್ಡ ಬ್ಯಾಗಿನಲ್ಲಿಟ್ಟರೆ ಸ್ಕ್ಯಾನ್‌ನಲ್ಲಿ ಕಂಡುಹಿಡಿದು, ನಿಮ್ಮನ್ನು ಕರೆಸಿ, ತೆಗೆಸುತ್ತಾರೆ. ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿ, ಅದಕ್ಕೆ ತಕರಾರಿಲ್ಲ.

ಖಾರದಪುಡಿ ಕೈಚೀಲದಲ್ಲಿ ಬೇಡವೇ ಬೇಡ. ಕಣ್ಣಿಗೆ ಎರಚಬಹುದು ಎಂಬ ಕಾರಣಕ್ಕೆ ಅದನ್ನು ಒಳಗೆ ಬಿಡುವುದಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಎಲ್ಲ ದೊಡ್ಡ ಬ್ಯಾಗಿಗೆ ಹೋಗಲಿ. ಉಪ್ಪಿನಕಾಯಿಯೂ ಅಲ್ಲಿಗೇ. ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ಟೇಪ್ ಸುತ್ತಿ, ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ. ತುಪ್ಪಕ್ಕೂ ಇದೇ ಉಪಚಾರ.

ತಿಂಡಿಗೆ ಅಡ್ಡಿಯಿಲ್ಲ. ಚಪಾತಿ, ಇಡ್ಲಿ, ಚಿತ್ರಾನ್ನ, ಚಕ್ಕುಲಿ, ನಿಪ್ಪಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೊಸರನ್ನದ ಡಬ್ಬಿ ಒಮ್ಮೊಮ್ಮೆ ತೆಗೆಸಿ ನೋಡುತ್ತಾರೆ.

ಇನ್ನು ಚೂಪಾದವು. ಚಾಕು, ಕತ್ತರಿ, ಬ್ಲೇಡು ದೊಡ್ಡ ಬ್ಯಾಗಿಗೆ. ಎಲೆ ಅಡಿಕೆ ಹಾಕುವವರ ಅಡಕತ್ತರಿಯೂ ಅಲ್ಲಿಗೇ ಹೋಗಬೇಕು. ಬೆಂಕಿಪೊಟ್ಟಣ, ಲೈಟರ್ ಎರಡರಲ್ಲೂ ಇಲ್ಲ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ: ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಇರಕೂಡದು. ಬ್ಯಾಟರಿಗೆ ಬೆಂಕಿ ಹತ್ತಿದರೆ ಸೀಟಿನ ಹತ್ತಿರ ಆರಿಸಬಹುದು, ಕೆಳಗೆ ಲಗೇಜು ತುಂಬಿರುವ ಜಾಗದಲ್ಲಿ ಯಾರು ನೋಡಬೇಕು?

ದಿನಾ ತೆಗೆದುಕೊಳ್ಳುವ ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ, ಒಡವೆ, ದುಡ್ಡು, ಮನೆ ಕೀಲಿ ಇವೆಲ್ಲ ಯಾವಾಗಲೂ ಕೈಚೀಲದಲ್ಲೇ.

ಸೆಕ್ಯುರಿಟಿ ಚೆಕ್‌ನಲ್ಲಿ ಏನು ಮಾಡಬೇಕು?

ಟ್ರೇ ಎಳೆದುಕೊಳ್ಳಿ. ಲ್ಯಾಪ್‌ಟಾಪ್, ಫೋನ್, ಪವರ್ ಬ್ಯಾಂಕ್ ಬ್ಯಾಗಿನಿಂದ ತೆಗೆದು ಟ್ರೇಗೆ ಹಾಕಿ. ಬೆಲ್ಟು, ವಾಚು, ಜೇಬಿನ ಚಿಲ್ಲರೆ, ಕೀಲಿಗೊಂಚಲೂ ಅಲ್ಲಿಗೇ. ಕ್ಯೂನಲ್ಲಿ ನಿಂತಾಗಲೇ ಜೇಬು ಖಾಲಿ ಮಾಡಿಕೊಂಡರೆ ಹಿಂದಿನವರು ನಿಟ್ಟುಸಿರು ಬಿಡುವುದು ತಪ್ಪುತ್ತದೆ. ಬೋರ್ಡಿಂಗ್ ಪಾಸ್ ಕೈಯಲ್ಲಿರಲಿ. ಹೆಂಗಸರಿಗೆ ತಪಾಸಣೆ ಬೇರೆ, ಪರದೆಯೊಳಗೆ ಮಹಿಳಾ ಸಿಬ್ಬಂದಿಯೇ ಮಾಡುತ್ತಾರೆ. ತಾಳಿ, ಬಳೆ ಬಿಚ್ಚಬೇಕಾ ಎಂದು ಅತ್ತೆಯೊಬ್ಬರು ವಾರಗಟ್ಟಲೆ ಚಿಂತೆ ಮಾಡಿದ್ದರು. ಮೆಷಿನ್ ಕೀ ಎಂದರೆ ಕೈಯಲ್ಲಿ ಹಿಡಿಯುವ ಇನ್ನೊಂದು ಮೆಷಿನ್‌ನಿಂದ ನೋಡುತ್ತಾರೆ, ಅಷ್ಟೇ.

ಟ್ರೇಯಿಂದ ವಾಪಸ್ ತೆಗೆದುಕೊಳ್ಳುವಾಗ ಎಣಿಸಿ. ಇಲ್ಲಿ ಮರೆಯುವುದು ಹೆಚ್ಚಾಗಿ ವಾಚು ಮತ್ತು ಬೆಲ್ಟು.

ನನ್ನ ವಿಮಾನ ಬಂತು ಅಂತ ಯಾರಾದರೂ ಕೂಗುತ್ತಾರಾ?

ಕೂಗುತ್ತಾರೆ ಎಂದು ನಂಬಿ ಕೂರಬೇಡಿ. ಬಸ್ ಸ್ಟ್ಯಾಂಡಿನ ಹಾಗೆ ‘ಹಾಸನ, ಹಾಸನ, ಹಾಸನ’ ಎನ್ನುವವರು ಇಲ್ಲಿಲ್ಲ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಈಗ ಮೈಕಿನ ಗಲಾಟೆ ಕಡಿಮೆ ಮಾಡಿದ್ದಾರೆ. ಅಲ್ಲಲ್ಲಿ ಪರದೆಗಳಿವೆ. ನಿಮ್ಮ ವಿಮಾನದ ನಂಬರು ಹುಡುಕಿ, ಮುಂದೆ ಗೇಟ್ ನಂಬರ್ ಇರುತ್ತದೆ. ಬೋರ್ಡಿಂಗ್ ಪಾಸ್‌ನಲ್ಲಿ ಅಚ್ಚಾಗಿರುವ ಗೇಟು ಆಮೇಲೆ ಬದಲಾಗಬಹುದು. ಹಾಗಾಗಿ ಅರ್ಧ ಗಂಟೆಗೊಮ್ಮೆ ಪರದೆ ನೋಡಿ.

ಮೊದಲು ಗೇಟು ಎಲ್ಲಿದೆ ಎಂದು ನೋಡಿಕೊಂಡು ಬನ್ನಿ. ಕಾಫಿ, ಫೋಟೋ, ಅಂಗಡಿ ಎಲ್ಲ ಆಮೇಲೆ. ಟರ್ಮಿನಲ್ 2ರಲ್ಲಂತೂ ನಡಿಗೆ ಜಾಸ್ತಿ. ಬಿದಿರಿನ ಛಾವಣಿ, ತೂಗುಬಿಟ್ಟ ಗಿಡಗಳು, ನೀರಿನ ಝರಿ ನೋಡುತ್ತ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಗೇಟು ಸಾಮಾನ್ಯವಾಗಿ ವಿಮಾನ ಹೊರಡುವ 25 ನಿಮಿಷ ಮೊದಲು ಮುಚ್ಚುತ್ತದೆ. ಟಿಕೆಟ್‌ನಲ್ಲಿರುವ ಸಮಯ ವಿಮಾನ ಚಲಿಸುವ ಸಮಯ, ನೀವು ಹತ್ತುವ ಸಮಯ ಬೇರೆ.

ಕೆಲವು ಗೇಟುಗಳಿಂದ ಸುರಂಗದಂಥ ದಾರಿಯಲ್ಲಿ ನೇರ ವಿಮಾನದೊಳಕ್ಕೆ ನಡೆಯುತ್ತೀರಿ. ಕೆಲವದರಲ್ಲಿ ಬಸ್ಸು ಹತ್ತಿಸಿ ವಿಮಾನದ ಹತ್ತಿರ ಬಿಡುತ್ತಾರೆ, ಮೆಟ್ಟಿಲು ಹತ್ತಬೇಕು. ಬಸ್ಸು ಬಂದರೆ ‘ನಾವು ವಿಮಾನಕ್ಕೆ ದುಡ್ಡು ಕೊಟ್ಟಿದ್ದೇವೆ’ ಎಂದು ಗಾಬರಿಯಾಗಬೇಡಿ.

ಊಟ, ನೀರು?

ದುಬಾರಿ. ಊರಿನ ದರ್ಶಿನಿಯಲ್ಲಿ ಇಬ್ಬರು ತಿಂಡಿ ತಿನ್ನುವ ದುಡ್ಡಿಗೆ ಇಲ್ಲಿ ಒಂದು ಕಾಫಿ ಬರಬಹುದು. ಮನೆಯ ಬುತ್ತಿ ಬಿಚ್ಚಿ ತಿನ್ನಲು ನಾಚಿಕೆ ಬೇಡ. ಖಾಲಿ ಬಾಟಲಿ ಒಯ್ಯಿರಿ, ಒಳಗೆ ಕುಡಿಯುವ ನೀರು ಉಚಿತವಾಗಿ ಸಿಗುತ್ತದೆ. ಅಂದಹಾಗೆ ಶೌಚಾಲಯದ ನಲ್ಲಿಗಳಿಗೆ ತಿರುಗಿಸುವ ಹಿಡಿ ಇಲ್ಲದಿದ್ದರೆ ಕೈ ಕೆಳಗೆ ಹಿಡಿಯಿರಿ, ನೀರು ತಾನೇ ಬರುತ್ತದೆ. ನಮ್ಮ ದೊಡ್ಡಪ್ಪ ನಲ್ಲಿಯ ಮುಂದೆ ಐದು ನಿಮಿಷ ನಿಂತಿದ್ದರು, ಯಾರನ್ನು ಕೇಳುವುದು ಅಂತ.

ಅಪ್ಪ ಅಮ್ಮ ಇಬ್ಬರೇ ಹೋಗುತ್ತಿದ್ದಾರೆ. ಇಂಗ್ಲಿಷ್ ಬರುವುದಿಲ್ಲ. ಏನು ಮಾಡಲಿ?

ಬೋರ್ಡುಗಳು ಕನ್ನಡದಲ್ಲೂ ಇವೆ. ಕನ್ನಡದಲ್ಲೇ ಕೇಳಲಿ, ಉತ್ತರ ಸಿಗುತ್ತದೆ. ಒಬ್ಬರಿಗೆ ಗೊತ್ತಾಗದಿದ್ದರೆ ಅವರು ಪಕ್ಕದವರನ್ನು ಕರೆಯುತ್ತಾರೆ. ತೊಂದರೆ ಬರುವುದು ಇಳಿಯುವ ಊರಿನಲ್ಲಿ. ಅದಕ್ಕೊಂದು ಚೀಟಿ ಬರೆದುಕೊಡಿ. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ: ವಿಮಾನದ ನಂಬರು, ಎಲ್ಲಿಗೆ ಹೋಗಬೇಕು, ಕರೆದೊಯ್ಯಲು ಯಾರು ಬರುತ್ತಾರೆ, ಅವರ ಫೋನ್ ನಂಬರು. ಅಪ್ಪನ ಜೇಬಿನಲ್ಲೊಂದು, ಅಮ್ಮನ ಪರ್ಸಿನಲ್ಲೊಂದು. ಒಂದೇ ಚೀಟಿ ಕೊಟ್ಟರೆ ಇಬ್ಬರಲ್ಲಿ ಒಬ್ಬರು ಶೌಚಾಲಯಕ್ಕೆ ಹೋದಾಗ ಇನ್ನೊಬ್ಬರ ಹತ್ತಿರ ಏನೂ ಇರುವುದಿಲ್ಲ.

ಮಂಡಿ ನೋವಿದ್ದರೆ, ಜಾಸ್ತಿ ನಡೆಯಲು ಆಗದಿದ್ದರೆ ಟಿಕೆಟ್ ಬುಕ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಕೊನೇಪಕ್ಷ 48 ಗಂಟೆ ಮೊದಲು ಹೇಳಿರಬೇಕು. ತಳ್ಳುವವರು ಕೌಂಟರಿನಿಂದ ಗೇಟಿನವರೆಗೆ ಕರೆದೊಯ್ಯುತ್ತಾರೆ, ಇಳಿದ ಊರಿನಲ್ಲೂ ಹೊರಗಿನವರೆಗೆ ತಂದುಬಿಡುತ್ತಾರೆ. ಗಟ್ಟಿಯಾಗಿರುವವರು ದಾರಿ ತೋರಿಸಲು ಸಿಗುತ್ತಾರೆ ಅಂತ ಕುರ್ಚಿ ಕೇಳುವುದನ್ನೂ ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ಬೇಕಾದವರು ಕಾಯುತ್ತ ಕೂರಬೇಕಾಗುತ್ತದೆ.

ಎಸ್ಕಲೇಟರ್ ಭಯವೇ? ಪಕ್ಕದಲ್ಲೇ ಲಿಫ್ಟ್ ಇರುತ್ತದೆ. ಹತ್ತುವುದೇ ಆದರೆ ಸೀರೆಯ ನೆರಿಗೆ ಎತ್ತಿಹಿಡಿದುಕೊಳ್ಳಲಿ.

ಚಿಕ್ಕ ಮಕ್ಕಳಿದ್ದರೆ?

ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟಿಲ್ಲ, ಮಡಿಲಲ್ಲೇ. ವಯಸ್ಸಿಗೆ ಜನನ ಪ್ರಮಾಣಪತ್ರ ಒಯ್ಯಿರಿ. 12 ವರ್ಷದೊಳಗಿನವರಿಗೆ ಒಂದೇ ಟಿಕೆಟ್‌ನಲ್ಲಿರುವ ಅಪ್ಪನ ಅಥವಾ ಅಮ್ಮನ ಪಕ್ಕದ ಸೀಟು ಕೊಡಬೇಕು ಎಂದು ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ವಿಮಾನ ಕಂಪನಿಗಳಿಗೆ ಹೇಳಿದೆ. ಏರುವಾಗ ಇಳಿಯುವಾಗ ಕಿವಿ ಕಟ್ಟಿಕೊಂಡು ಅಳುತ್ತವೆ. ಆಗ ಹಾಲು ಕುಡಿಸಿ, ದೊಡ್ಡ ಮಕ್ಕಳಿಗೆ ಪೆಪ್ಪರಮಿಂಟ್ ಕೊಡಿ.

ವಿದೇಶಕ್ಕೆ ಹೋಗುವವರಿಗೆ ಇನ್ನೇನು ಜಾಸ್ತಿ?

ಒಂದು ಹಂತ ಜಾಸ್ತಿ, ಇಮಿಗ್ರೇಷನ್. ಕೌಂಟರಿನಲ್ಲಿ ಬ್ಯಾಗು ಕೊಟ್ಟ ಮೇಲೆ ಅಧಿಕಾರಿಯೊಬ್ಬರು ಪಾಸ್‌ಪೋರ್ಟ್, ವೀಸಾ ನೋಡಿ ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಎಲ್ಲಿಗೆ, ಯಾಕೆ, ಎಷ್ಟು ದಿನ, ಯಾರ ಮನೆಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ವಾಪಸ್ ಟಿಕೆಟ್‌ನ ಪ್ರಿಂಟ್, ಮಗನ ಅಥವಾ ಮಗಳ ವಿಳಾಸ ಕೈಯಲ್ಲಿರಲಿ. ಕೈಚೀಲದಲ್ಲಿ ದ್ರವ ಪದಾರ್ಥ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಇರಕೂಡದು. ಅರ್ಧ ಖಾಲಿಯಾದ 200 ಮಿಲಿ ಎಣ್ಣೆ ಬಾಟಲಿಯೂ ನಡೆಯುವುದಿಲ್ಲ, ಅವರು ನೋಡುವುದು ಬಾಟಲಿಯ ಅಳತೆ.

ಹುಬ್ಬಳ್ಳಿಯಂಥ ಊರಿನಿಂದ ಬೆಂಗಳೂರಿಗೆ ಹಾರಿ ಇಲ್ಲಿಂದ ವಿದೇಶದ ವಿಮಾನ ಹತ್ತುವುದಾದರೆ ಎರಡೂ ಒಂದೇ ಟಿಕೆಟ್ ನಂಬರಿನಲ್ಲಿವೆಯಾ ನೋಡಿ. ಬೇರೆ ಬೇರೆಯಾಗಿ ಕೊಂಡಿದ್ದರೆ ಇಲ್ಲಿ ಬ್ಯಾಗು ತೆಗೆದುಕೊಂಡು, ಹೊರಬಂದು, ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟ ನಿಮ್ಮದೇ. ನಡುವೆ ನಾಲ್ಕೈದು ಗಂಟೆ ಬಿಟ್ಟುಕೊಳ್ಳಿ.

ಮತ್ತೊಂದು. ಕ್ಯೂನಲ್ಲಿ ಪರಿಚಯವಾದವರು ‘ನನ್ನದು ಎರಡು ಕೆಜಿ ಜಾಸ್ತಿಯಾಯಿತು, ಈ ಪೊಟ್ಟಣ ನಿಮ್ಮ ಬ್ಯಾಗಿನಲ್ಲಿ ಹಾಕಿಕೊಳ್ಳಿ’ ಎಂದರೆ ಇಲ್ಲ ಎನ್ನಿ. ನಮ್ಮೂರಿನವರೇ ಆಗಿರಲಿ, ಕನ್ನಡದಲ್ಲೇ ಕೇಳಲಿ, ಇಲ್ಲ ಎನ್ನಿ.

ವಿಮಾನ ತಡವಾದರೆ?

ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಬೀಳುತ್ತದೆ. ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ ಒಂದು ರನ್‌ವೇಗಿದೆ. ಆದರೆ ಅದಕ್ಕೆ ತಕ್ಕ ವಿಮಾನ, ತರಬೇತಾದ ಪೈಲಟ್ ಎರಡೂ ಬೇಕು. ಹಾಗಾಗಿ ಚಳಿಗಾಲದಲ್ಲಿ ಬೆಳಿಗ್ಗೆ 6ರ ವಿಮಾನ ಹಿಡಿದು 10ಕ್ಕೆ ಇನ್ನೊಂದೂರಿನ ಮುಹೂರ್ತಕ್ಕೆ ಹೋಗುವ ಯೋಜನೆ ಬೇಡ, ಹಿಂದಿನ ದಿನವೇ ಹೋಗಿ.

ಎರಡೂವರೆ ಗಂಟೆಯೊಳಗಿನ ಪ್ರಯಾಣದ ವಿಮಾನ 2 ಗಂಟೆಗೂ ಮೀರಿ ತಡವಾದರೆ ತಿಂಡಿ, ಪಾನೀಯ ಕೊಡಬೇಕು ಎಂದು ಡಿಜಿಸಿಎ ನಿಯಮವಿದೆ. 6 ಗಂಟೆಗೂ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಇಳಿದ ಮೇಲೆ ಬ್ಯಾಗು ಎಲ್ಲಿ?

ಪರದೆಯಲ್ಲಿ ನಿಮ್ಮ ವಿಮಾನದ ಮುಂದೆ ಬೆಲ್ಟ್ ನಂಬರ್ ಇರುತ್ತದೆ. ಅಲ್ಲಿ ಹೋಗಿ ನಿಂತರೆ ಬ್ಯಾಗು ಸುತ್ತಿಕೊಂಡು ಬರುತ್ತದೆ. ಎಲ್ಲರದೂ ಕಪ್ಪು ಬ್ಯಾಗೇ. ಮನೆಯಲ್ಲೇ ಹಿಡಿಗೆ ಕೆಂಪು ರವಿಕೆ ಬಟ್ಟೆಯ ಚೂರು ಕಟ್ಟಿಬಿಡಿ. ಕೌಂಟರಿನಲ್ಲಿ ಕೊಟ್ಟ ಚೀಟಿಯ ನಂಬರನ್ನು ಬ್ಯಾಗಿನ ಮೇಲಿನದಕ್ಕೆ ಹೋಲಿಸಿ. ಬ್ಯಾಗು ಬರಲೇ ಇಲ್ಲ ಅಥವಾ ಒಡೆದಿದೆ ಅಂದರೆ ಹೊರಗೆ ಹೋಗುವ ಮೊದಲೇ ವಿಮಾನ ಕಂಪನಿಯವರ ಹತ್ತಿರ ದೂರು ಬರೆಸಿ, ಅದರ ಪ್ರತಿ ಇಸಿದುಕೊಳ್ಳಿ. ಮನೆಗೆ ಹೋಗಿ ಫೋನ್ ಮಾಡಿದರೆ ಕೆಲಸ ಕಷ್ಟ.

ಹೊರಬಂದಾಗ ‘ಟ್ಯಾಕ್ಸಿ ಬೇಕಾ ಸಾರ್’ ಎಂದು ಹಿಂದೆ ಬೀಳುವವರ ಜೊತೆ ಹೋಗಬೇಡಿ. ಗೊತ್ತುಪಡಿಸಿದ ಟ್ಯಾಕ್ಸಿ ಸ್ಟ್ಯಾಂಡು, ಆ್ಯಪ್ ಗಾಡಿಗಳ ಜಾಗ, ವಾಯುವಜ್ರದ ಸ್ಟಾಪು ಎಲ್ಲಕ್ಕೂ ಬೋರ್ಡಿದೆ.

ಕಳಿಸಲು ಬಂದವರು ಒಳಗೆ ಬರಬಹುದಾ?

ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಪ್ಪಿಕೊಳ್ಳುವುದು, ಅಳುವುದು, ಕಾಲಿಗೆ ಬೀಳುವುದು ಎಲ್ಲ ಹೊರಗೇ ಮುಗಿಯಬೇಕು. ಕಾರನ್ನು ಬಾಗಿಲ ಮುಂದೆ ಜಾಸ್ತಿ ಹೊತ್ತು ನಿಲ್ಲಿಸಲು ಬಿಡುವುದಿಲ್ಲ. ಇಳಿಸಿ, ಪಾರ್ಕಿಂಗ್‌ಗೆ ಹೋಗಿ.

ಮತ್ತೆ ತಕ್ಷಣ ಊರಿಗೆ ಹೊರಡಬೇಡಿ. ಸೆಕ್ಯುರಿಟಿ ದಾಟಿದೆವು ಎಂದು ಒಳಗಿನಿಂದ ಫೋನ್ ಬರುವವರೆಗೆ ಅಲ್ಲೇ ಇರಿ. ಏನಾದರೂ ಮರೆತಿದ್ದರೆ, ಏನಾದರೂ ವಾಪಸ್ ಕೊಡುವುದಿದ್ದರೆ ಹತ್ತಿರ ಒಬ್ಬರು ಬೇಕು. ಅಪ್ಪ ಮೊದಲ ಸಲ ದೆಹಲಿಗೆ ಹೋದಾಗ ನಮಗೆ ಇದು ಗೊತ್ತಿರಲಿಲ್ಲ. ಅವರು ಕೈಚೀಲದಲ್ಲಿ ಎಲೆ ಅಡಿಕೆ ಸಂಚಿ ಇಟ್ಟುಕೊಂಡಿದ್ದರು, ಸಂಚಿಯೊಳಗೆ ನಮ್ಮ ತಾತನ ಕಾಲದ ಅಡಕತ್ತರಿ. ದೊಡ್ಡ ಬ್ಯಾಗು ಆಗಲೇ ಬೆಲ್ಟ್ ಮೇಲೆ ಹೋಗಿತ್ತು. ‘ಯಾರಾದರೂ ಹೊರಗಿದ್ದಾರಾ?’ ಎಂದು ಅಲ್ಲಿದ್ದವರು ಕೇಳಿದರಂತೆ. ಅಪ್ಪ ಫೋನ್ ಮಾಡುವಷ್ಟರಲ್ಲಿ ನಾವು ದೊಡ್ಡಬಳ್ಳಾಪುರ ದಾಟಿದ್ದೆವು.